ಚಿತ್ರದುರ್ಗದ ತಂಗಿ ಕೇಳಿದ್ದು: ಎಗ್ ಫ್ರೀಜಿಂಗ್‌ಗೆ ಯಾವ ಇಂಜೆಕ್ಷನ್ ಒಳ್ಳೇದು?

ಕಳೆದ ಭಾನುವಾರ ಚಿತ್ರದುರ್ಗದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳಿಗೀಗ ಮೂವತ್ತು ವರ್ಷ. ಎಗ್ ಫ್ರೀಜಿಂಗ್, ಅಂದರೆ ಮುಂದೆ ಮಗು ಬೇಕಾದಾಗ ಬಳಸಲು ಮೊಟ್ಟೆ ತೆಗೆದು ಫ್ರೀಜ್ ಮಾಡಿಡುವುದು, ಮಾಡಿಸಬೇಕು ಅಂತ ಒಂದು ವರ್ಷದಿಂದ ಹೇಳುತ್ತಿದ್ದಾಳೆ. "ಅಕ್ಕಾ, ನೀನು ಎರಡು ಸಲ ಮಾಡಿಸ್ಕೊಂಡಿದ್ದೀಯಲ್ಲ, ಯಾವುದು ಚೆನ್ನಾಗಿತ್ತು ಹೇಳು. ನಾನೂ ಡಾಕ್ಟ್ರ ಹತ್ರ ಅದನ್ನೇ ಕೊಡ್ರಿ ಅಂತೀನಿ" ಅಂದಳು. "ನನಗೆ ಕೊಟ್ಟಿದ್ದು ನಿನಗೆ ಬೇಡ ಕಣೇ" ಅಂದೆ. ಅವಳಿಗೆ ಬೇಜಾರಾಯಿತು. ಏನೋ ಮುಚ್ಚಿಡ್ತಿದ್ದಾಳೆ ಅಂದುಕೊಂಡಳೇನೋ. ಆಮೇಲೆ ಒಂದು ಗಂಟೆ ಕೂತು ಮಾತಾಡಿದೆವು. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಎರಡು ವರ್ಷದ ಹಿಂದೆ ಹುಡುಕುವಾಗ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನನಗೆ ಎಲ್ಲೂ ಸಿಗಲಿಲ್ಲ, ಅದಕ್ಕೇ.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮೊದಲ ಸಲ ಮಾಡಿಸಿದಾಗ 33, ಎರಡನೇ ಸಲ 34. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಅನ್ನುವುದು ಬೇರೆ ಮಾತು, ಅದನ್ನು ಇಲ್ಲಿ ತರುವುದಿಲ್ಲ.

ಮೊದಲು ಅವ್ವ ಕೇಳಿದ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ವಿಷಯ ಹೇಳಿದ ದಿನ ಅವ್ವ ಹೆದರಿಕೊಂಡು ಕೇಳಿದ್ದು ಒಂದೇ ಮಾತು. "ಹತ್ತು ಹದಿನೈದು ತತ್ತಿ ಒಂದೇ ಸಲ ತೆಗೆದುಬಿಟ್ರೆ ಮುಂದಕ್ಕೆ ಏನು ಉಳಿತೈತವ್ವ ನಿನ್ನ ಹೊಟ್ಟೇಲಿ?" ತುಂಬಾ ಜನಕ್ಕೆ ಈ ಭಯ ಇದೆ. ನನಗೂ ಇತ್ತು.

ನಮ್ಮದು ಭದ್ರಾ ಕಾಲುವೆಯ ಕೊನೆ ಭಾಗದ ಊರು. ನೀರು ಬಿಟ್ಟರೂ ನಮ್ಮ ಗದ್ದೆ ತನಕ ಬರುತ್ತೋ ಇಲ್ಲವೋ ಅಂತ ಅವ್ವ ಜೀವನ ಪೂರ್ತಿ ಕಾದವಳು. ಅದಕ್ಕೇ ಅವಳಿಗೆ ಹಾಗೇ ಹೇಳಿದೆ. ಹುಟ್ಟುವಾಗಲೇ ಹೆಣ್ಣುಮಗುವಿನ ಅಂಡಾಶಯದಲ್ಲಿ ಹತ್ತು ಲಕ್ಷದ ಮೇಲೆ ಮೊಟ್ಟೆ ಇರುತ್ತವೆ, ಮೈ ನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಅದು ಚೀಲದಲ್ಲಿರುವ ಬೀಜ. ಪ್ರತಿ ತಿಂಗಳು ಆ ಚೀಲದಿಂದ ಒಂದಷ್ಟು ಬೀಜ ತಾವಾಗಿಯೇ ಹೊರಗೆ ಬಂದು ಮೊಳಕೆ ಒಡೆಯುತ್ತವೆ. ಒಬ್ಬರಿಗೆ ಎಂಟು, ಇನ್ನೊಬ್ಬರಿಗೆ ಇಪ್ಪತ್ತು. ಇವಕ್ಕೆ ನೀರು ಎಂದರೆ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನು, ಮೆದುಳಿನ ಬುಡದಿಂದ ಬರುತ್ತದೆ. ಒಂದು ಮೊಳಕೆ ಮುಂದೆ ಹೋದ ಕೂಡಲೇ ದೇಹ ನೀರು ಕಮ್ಮಿ ಮಾಡುತ್ತದೆ. ಮುಂದಿರುವುದಕ್ಕೆ ಸಿಗುತ್ತದೆ, ಕೊನೆ ಭಾಗದವೆಲ್ಲ ಒಣಗಿ ಹೋಗುತ್ತವೆ. ಇಂಜೆಕ್ಷನ್ ಮಾಡುವ ಕೆಲಸ ಇಷ್ಟೇ, ಹತ್ತು ಹನ್ನೆರಡು ದಿನ ಕಾಲುವೆ ತುಂಬಾ ನೀರು ಬಿಡುವುದು. ಆ ತಿಂಗಳು ಹೇಗಿದ್ದರೂ ಒಣಗಿ ಹೋಗುತ್ತಿದ್ದವು ಬೆಳೆಯುತ್ತವೆ. ಚೀಲಕ್ಕೆ ಯಾರೂ ಕೈ ಹಾಕುವುದಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೊನೆ ಭಾಗದವಕ್ಕೂ ನೀರು ಕೊಡ್ತಾರೆ ಅನ್ನು" ಅಂದಳು. ಅವತ್ತಿನಿಂದ ಅವಳು ಈ ಬಗ್ಗೆ ಹೆದರಲಿಲ್ಲ.

ಒಂದು ತೊಂದರೆ ಇದೆ. ಇಷ್ಟೊಂದು ಫಾಲಿಕಲ್, ಅಂದರೆ ಮೊಟ್ಟೆ ಇರುವ ನೀರಿನ ಗುಳ್ಳೆಗಳು, ಒಟ್ಟಿಗೆ ಬೆಳೆದಾಗ ಈಸ್ಟ್ರೋಜನ್ ಏರುತ್ತದೆ. ಮೆದುಳು ಅದನ್ನು ನೋಡಿ ಕಾಲ ಬಂತು ಅಂದುಕೊಂಡು ಎಲ್‌ಎಚ್ ಅನ್ನುವ ಇನ್ನೊಂದು ಹಾರ್ಮೋನನ್ನು ಒಮ್ಮೆಲೇ ಬಿಡುತ್ತದೆ. ಕೆರೆಯ ಏರಿ ಒಡೆದ ಹಾಗೆ. ಡಾಕ್ಟರ್ ತೆಗೆಯುವ ಮೊದಲೇ ಮೊಟ್ಟೆಗಳು ಹೊರಗೆ ಬಿದ್ದು ಹೋಗುತ್ತವೆ, ಅಷ್ಟು ದಿನದ ಇಂಜೆಕ್ಷನ್ ನೀರುಪಾಲು. ಆದ್ದರಿಂದ ಇದನ್ನು ತಡೆಯಬೇಕು. ಪ್ರೋಟೋಕಾಲ್‌ಗಳ, ಅಂದರೆ ಯಾವ ಔಷಧಿ ಯಾವ ದಿನ ಅನ್ನುವ ಕ್ರಮಗಳ, ನಡುವಿನ ವ್ಯತ್ಯಾಸ ಬಹುಪಾಲು ಇಲ್ಲೇ ಇರುವುದು: ಏರಿ ಒಡೆಯದ ಹಾಗೆ ಹೇಗೆ ತಡೆಯುತ್ತಾರೆ, ಕೊನೆಗೆ ತಾವೇ ಯಾವಾಗ, ಯಾವುದರಿಂದ ಒಡೆಸುತ್ತಾರೆ. ಆ ಕೊನೆಯ ಇಂಜೆಕ್ಷನ್ನಿಗೆ ಟ್ರಿಗರ್ ಅನ್ನುತ್ತಾರೆ.

ನಮ್ಮ ಅತ್ತಿಗೆ ಹಿಂದೆ ಬೆಂಗಳೂರಿನಲ್ಲಿ ಐವಿಎಫ್ (ಮೊಟ್ಟೆ, ವೀರ್ಯ ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವುದು) ಮಾಡಿಸಿದಾಗ ಲಾಂಗ್ ಪ್ರೋಟೋಕಾಲ್ ಕೊಟ್ಟಿದ್ದರು. ಅದರಲ್ಲಿ ಹಿಂದಿನ ತಿಂಗಳ ಇಪ್ಪತ್ತೊಂದನೇ ದಿನದಿಂದಲೇ ಲ್ಯೂಪ್ರೊಲೈಡ್ ಅನ್ನುವ ಇಂಜೆಕ್ಷನ್ ದಿನಾ ಕೊಡುತ್ತಾರೆ. ಮೆದುಳಿನ ಕಡೆಯಿಂದ ಬರುವ ಹಾರ್ಮೋನು ಪೂರ್ತಿ ಬಂದ್ ಆಗುತ್ತದೆ. ಆಮೇಲೆ ಎಫ್‌ಎಸ್‌ಎಚ್ ಶುರು. ಎಲ್ಲ ಸೇರಿ ಒಂದು ತಿಂಗಳ ಹತ್ತಿರ ದಿನಾ ಚುಚ್ಚಿಸಿಕೊಳ್ಳಬೇಕು. ಅತ್ತಿಗೆಗೆ ತಲೆನೋವು, ಮೈಯೆಲ್ಲ ಬಿಸಿ, ರಾತ್ರಿ ನಿದ್ದೆ ಇಲ್ಲ. ಕೆಟ್ಟ ವಿಧಾನ ಅಂತಲ್ಲ, ಅದರಿಂದಲೇ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದಾನೆ. ಆದರೆ ಬರೀ ಮೊಟ್ಟೆ ತೆಗೆದಿಡುವವರಿಗೆ ಇಷ್ಟು ಉದ್ದದ ದಾರಿ ಈಗ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೊದಲು ನಾನು ಹೋಗಿದ್ದೂ ಬೆಂಗಳೂರಿಗೇ. ಬೆಳಿಗ್ಗೆ ರೈಲಲ್ಲಿ ಹೋಗಿ ರಾತ್ರಿ ವಾಪಸ್. ಅಲ್ಲಿ ಡಾಕ್ಟರ್‌ಗಿಂತ ಮೊದಲು ಸಿಕ್ಕಿದ್ದು ಪ್ಯಾಕೇಜ್ ಹೇಳುವ ಹುಡುಗಿ. ಎಎಂಎಚ್ ಅನ್ನುವ ರಕ್ತ ಪರೀಕ್ಷೆಯ ರಿಪೋರ್ಟ್ ಇನ್ನೂ ಕೈಗೆ ಬಂದಿರಲಿಲ್ಲ, ಆಗಲೇ ಇಷ್ಟು ದುಡ್ಡು, ಇಂಜೆಕ್ಷನ್ ಸೇರಿ, ಇವತ್ತು ಕಟ್ಟಿದರೆ ಕಮ್ಮಿ ಅಂದಳು. ಯಾವ ಇಂಜೆಕ್ಷನ್, ಎಷ್ಟು ಡೋಸ್, ಟ್ರಿಗರ್ ಯಾವುದು ಅಂತ ಕೇಳಿದೆ. "ಅದೆಲ್ಲ ನಿಮಗ್ಯಾಕೆ ಮೇಡಂ, ಡಾಕ್ಟರ್ ನೋಡ್ಕೊತಾರೆ" ಅಂದಳು. ನನ್ನ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುವ ಔಷಧಿ, ನನಗ್ಯಾಕೆ ಅಂದರೆ ಹೇಗೆ? ಇವತ್ತಿಗೂ ಆ ಮಾತು ನೆನೆದರೆ ಸಿಟ್ಟು ಬರುತ್ತದೆ. ಯಾರದೇ ದೇಹ ನೋಡದೆ ಮೊದಲೇ ಔಷಧಿ ನಿಗದಿ ಮಾಡಲು ಆಗುವುದಿಲ್ಲ. ಆ ಎಎಂಎಚ್ ಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಲ್ಲಿ ಎರಡೂ ಕಡೆಯ ಸಣ್ಣ ಫಾಲಿಕಲ್ ಎಣಿಸುವುದು, ಈ ಎರಡನ್ನೂ ವಯಸ್ಸನ್ನೂ ಇಟ್ಟುಕೊಂಡೇ ಡೋಸ್ ತೀರ್ಮಾನ ಮಾಡುವುದು. ಎಎಂಎಚ್ ಬಗ್ಗೆ ಒಂದು ಮಾತು: ಅದು ಎಷ್ಟು ಮೊಟ್ಟೆ ಸಿಗಬಹುದು ಅನ್ನುವುದನ್ನು ಹೇಳುತ್ತದೆ, ಮೊಟ್ಟೆ ಎಷ್ಟು ಚೆನ್ನಾಗಿದೆ ಅನ್ನುವುದನ್ನಲ್ಲ. ಗುಣ ಮುಖ್ಯವಾಗಿ ವಯಸ್ಸಿನ ಮೇಲೆ. ಕಮ್ಮಿ ಬಂತು ಅಂತ ಅಳುತ್ತಾ ಕೂತವರನ್ನು ನೋಡಿದ್ದೇನೆ, ಆ ಒಂದು ನಂಬರ್‌ಗೆ ಅಷ್ಟು ಹೆದರಬೇಕಾಗಿಲ್ಲ.

ನಂತರ ದಾವಣಗೆರೆಯಲ್ಲೇ ಮಾಡಿಸಿದೆ. ಹತ್ತು ದಿನದಲ್ಲಿ ನಾಲ್ಕು ಸಲ ಸ್ಕ್ಯಾನಿಂಗ್ ಇರುತ್ತದೆ, ಪ್ರತಿ ಸಲ 260 ಕಿಲೋಮೀಟರ್ ಹೋಗಿ ಬರುವುದು ನನ್ನ ಕೈಲಿ ಆಗುವ ಮಾತಾಗಿರಲಿಲ್ಲ. ಇಲ್ಲಿನ ಡಾಕ್ಟರಮ್ಮ ಹಾಳೆ ತೆಗೆದು ಚಿತ್ರ ಬರೆದು ಹೇಳಿದರು. ನನ್ನ ಎಎಂಎಚ್ 1.6, ಸ್ಕ್ಯಾನಿಂಗ್‌ನಲ್ಲಿ ಹನ್ನೊಂದು ಫಾಲಿಕಲ್. "ಹನ್ನೊಂದು ಇದ್ದಲ್ಲಿ ಇಪ್ಪತ್ತು ತೆಗೆಯಲು ಯಾವ ಇಂಜೆಕ್ಷನ್ನಿಂದಲೂ ಆಗಲ್ಲಮ್ಮ" ಅಂದರು ಮೊದಲೇ. ಆ ಮಾತು ನನಗೆ ತುಂಬಾ ಉಪಕಾರ ಮಾಡಿತು.

ಮೊದಲ ಸಲ, ದಸರಾ ರಜೆಯಲ್ಲಿ, ಆಂಟಾಗೊನಿಸ್ಟ್ ಪ್ರೋಟೋಕಾಲ್. ಮುಟ್ಟಾದ ಎರಡನೇ ದಿನದಿಂದ ದಿನಾ ಸಂಜೆ 225 ಯೂನಿಟ್ ಎಫ್‌ಎಸ್‌ಎಚ್. ಆರನೇ ಇಂಜೆಕ್ಷನ್ ದಿನದಿಂದ ಜೊತೆಗೆ ಸೆಟ್ರೊರೆಲಿಕ್ಸ್, ದಿನಕ್ಕೆ 0.25 ಮಿಲಿಗ್ರಾಂ. ಇದು ಎಲ್‌ಎಚ್‌ನ ಬಾಗಿಲನ್ನು ತಕ್ಷಣ ಹಾಕಿಬಿಡುತ್ತದೆ, ಹಿಂದಿನ ತಿಂಗಳಿಂದ ತಯಾರಿ ಬೇಕಿಲ್ಲ. ಕೆಲವರು ದಿನ ಎಣಿಸಿ ಶುರು ಮಾಡುತ್ತಾರೆ, ಕೆಲವರು ಫಾಲಿಕಲ್ 13-14 ಮಿಲಿಮೀಟರ್ ಆದಾಗ. ಚುಚ್ಚಿದ ಜಾಗ ಕೆಂಪಾಗಿ ಕಡಿಯುತ್ತದೆ, ಒಂದು ಗಂಟೆಯಲ್ಲಿ ಹೋಗುತ್ತದೆ. ದೊಡ್ಡ ಫಾಲಿಕಲ್‌ಗಳು 18 ದಾಟಿದ ದಿನ ರಾತ್ರಿ ಟ್ರಿಗರ್ ಇಂಜೆಕ್ಷನ್, ಅದಾದ 36 ಗಂಟೆಗೆ ಮೊಟ್ಟೆ ತೆಗೆದರು. ಒಂಬತ್ತು ಸಿಕ್ಕವು, ಏಳು ಮಾಗಿದ್ದವು. ಫ್ರೀಜ್ ಮಾಡಿ ಉಪಯೋಗ ಇರುವುದು ಮಾಗಿದ್ದಕ್ಕೆ ಮಾತ್ರ. ಹಾಗಾಗಿ ಯಾರಾದರೂ "ನನಗೆ ಹದಿನೈದು ಬಂತು" ಅಂದರೆ, ಅದರಲ್ಲಿ ಮಾಗಿದ್ದು ಎಷ್ಟು ಅಂತ ಕೇಳಬೇಕು.

ಎರಡನೇ ಸಲದ್ದೇ ನನಗೆ ಹೊಸ ವಿಷಯ. ಇದನ್ನೇ ತಂಗಿಗೂ ಜಾಸ್ತಿ ಹೊತ್ತು ಹೇಳಿದ್ದು.

ಐವಿಎಫ್‌ನಲ್ಲಿ ಮೊಟ್ಟೆ ತೆಗೆದ ಕೆಲವೇ ದಿನದಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಆಲೋಚನೆ ಇದ್ದರೆ, ಗರ್ಭಕೋಶದ ಒಳಪದರವೂ ಆ ದಿನಕ್ಕೆ ಸರಿಯಾಗಿ ಸಿದ್ಧ ಇರಬೇಕು. ಹಾಗಾಗಿ ಎಷ್ಟೋ ಔಷಧಿ ಕೊಡುವ ಹಾಗಿಲ್ಲ. ನಮ್ಮ ವಿಷಯದಲ್ಲಿ ಮೊಟ್ಟೆ ನೇರ ಫ್ರೀಜರ್‌ಗೆ ಹೋಗುತ್ತದೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ. ಆ ತಿಂಗಳು ಗರ್ಭಕೋಶದ ಒಳಪದರ ಹೇಗಿದ್ದರೂ ನಡೆಯುತ್ತದೆ. ಈ ಒಂದು ವ್ಯತ್ಯಾಸದಿಂದ ಎಷ್ಟು ಬಾಗಿಲು ತೆರೆಯುತ್ತವೆ ಅಂತ ನನಗೆ ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು. ಐವಿಎಫ್ ಮಾಡಿಸಿದ ಅಕ್ಕನನ್ನೋ ಅತ್ತಿಗೆಯನ್ನೋ ನೋಡಿ ನಾವು ನಮ್ಮ ದಾರಿ ಹಿಡಿಯಬಾರದು ಅನ್ನುವುದು ಇದಕ್ಕೇ.

ಮೊದಲ ಬಾಗಿಲು ಪ್ರೊಜೆಸ್ಟಿನ್ ಮಾತ್ರೆ. ಪ್ರೊಜೆಸ್ಟರಾನ್ ಮೈಯಲ್ಲಿ ಇದ್ದರೆ ಮೆದುಳು ಮೊಟ್ಟೆ ಬಿಡುಗಡೆ ಆಗಲೇ ಆಗಿಹೋಗಿದೆ ಅಂದುಕೊಂಡು ಎಲ್‌ಎಚ್ ಬಿಡುವುದಿಲ್ಲ. ಶಾಂಘೈನ ಡಾಕ್ಟರುಗಳು 2015ರಲ್ಲಿ ಈ ವಿಧಾನದ ವರದಿ ಮಾಡಿದರು, ಈಗ ಬಹಳ ಕಡೆ ಬಳಕೆಯಲ್ಲಿದೆ. ಪಿಪಿಒಎಸ್ ಅಂತ ಕರೆಯುತ್ತಾರೆ. ಗರ್ಭಕೋಶದ ಪದರಕ್ಕೆ ಇದು ಹೊಂದುವುದಿಲ್ಲ, ಆದ್ದರಿಂದ ಅದೇ ತಿಂಗಳು ಭ್ರೂಣ ಹಾಕುವವರಿಗೆ ಆಗುವುದಿಲ್ಲ. ಫ್ರೀಜ್ ಮಾಡುವವರಿಗೆ ಅಡ್ಡಿ ಇಲ್ಲ. ನನಗೆ ಡೈಡ್ರೊಜೆಸ್ಟರಾನ್ 10 ಮಿಲಿಗ್ರಾಂ ದಿನಕ್ಕೆರಡು ಕೊಟ್ಟರು. ಎಫ್‌ಎಸ್‌ಎಚ್ ಇಂಜೆಕ್ಷನ್ ತಪ್ಪಲಿಲ್ಲ, ಆದರೆ ಕಡಿಯುತ್ತಿದ್ದ ಆ ಇನ್ನೊಂದು ಇಂಜೆಕ್ಷನ್ ತಪ್ಪಿತು. ಮೊದಲ ಸಲ ಸೆಟ್ರೊರೆಲಿಕ್ಸ್‌ಗೆ ಕೊಟ್ಟ ದುಡ್ಡಿನ ಪಕ್ಕ ಈ ಮಾತ್ರೆಯ ದುಡ್ಡು ಏನೂ ಅಲ್ಲ.

ಎರಡನೆಯದು, ಯಾವ ದಿನ ಬೇಕಾದರೂ ಶುರು ಮಾಡುವುದು. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಹೆಣ್ಣುಮಕ್ಕಳಿಗೆ ಮುಟ್ಟು ಬರಲಿ ಅಂತ ಎರಡು ಮೂರು ವಾರ ಕಾಯುವಷ್ಟು ಸಮಯ ಇರುವುದಿಲ್ಲ. ಮುಖ್ಯವಾಗಿ ಅವರಿಗಾಗಿ ಈ ಪದ್ಧತಿ ಬಂತು. ಒಂದೇ ಚಕ್ರದಲ್ಲಿ ಫಾಲಿಕಲ್‌ಗಳು ಒಂದಕ್ಕಿಂತ ಹೆಚ್ಚು ಸಲ ಗುಂಪಾಗಿ ಬೆಳೆಯಲು ಮುಂದಾಗುತ್ತವೆ, ಹಾಗಾಗಿ ನಡುವೆ ಶುರು ಮಾಡಿದರೂ ಸಿಗುವ ಮೊಟ್ಟೆಯ ಸಂಖ್ಯೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಒಂದೆರಡು ದಿನ, ಸ್ವಲ್ಪ ಔಷಧಿ ಜಾಸ್ತಿ ಹಿಡಿಯಬಹುದು. ನನಗೆ ಮೌಲ್ಯಮಾಪನ ಮುಗಿದು ರಜೆ ಸಿಕ್ಕಿದ್ದು ಮುಟ್ಟಾದ ಹದಿನೆಂಟನೇ ದಿನ. ಅವತ್ತೇ ಶುರು ಮಾಡಿದರು. ನೌಕರಿ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ರಜೆ ಕೇಳಲು ಪ್ರಿನ್ಸಿಪಾಲರ ಮುಂದೆ ನಿಂತವರಿಗೆ ಗೊತ್ತು.

ಅದು ಮೇ ತಿಂಗಳು. ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ ಸ್ವಲ್ಪ ದಿನ ಇಡಬಹುದು ಅಂದರೂ 25 ಡಿಗ್ರಿ ದಾಟಬಾರದು, ದಾವಣಗೆರೆಯ ಮೇ ತಿಂಗಳಲ್ಲಿ ನಮ್ಮ ಮನೆಯ ಯಾವ ರೂಮೂ 25 ಡಿಗ್ರಿ ಇರುವುದಿಲ್ಲ. ಒಂದು ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು, ಬೆಳಗಿನ ಜಾವದ ತನಕ ಬರಲಿಲ್ಲ. ನರ್ಸ್‌ಗೆ ಫೋನ್ ಮಾಡಿದೆ, ಫ್ರಿಜ್ ಬಾಗಿಲು ತೆಗೆಯಲೇ ಬೇಡಿ ಅಂದರು. ಅವ್ವ ಫ್ರಿಜ್ ಪಕ್ಕ ಚಾಪೆ ಹಾಕಿಕೊಂಡು ಮಲಗಿದಳು, ಯಾರಾದರೂ ಮರೆತು ತೆಗೆದಾರು ಅಂತ. ಅಪ್ಪ ರಾತ್ರಿ ನೀರು ಕುಡಿಯಲು ಬಂದಾಗ ಕೊಡದಲ್ಲಿರೋದು ಕುಡೀರಿ ಅಂತ ವಾಪಸ್ ಕಳಿಸಿದಳು. ನನಗೆ ಆ ರಾತ್ರಿ ಕಣ್ಣಲ್ಲಿ ನೀರು ಬಂತು. ಔಷಧಿ ಕೆಡುತ್ತದೆ ಅಂತಲ್ಲ.

ಹನ್ನೆರಡು ದಿನ ಹಿಡಿಯಿತು. ಹತ್ತು ಮೊಟ್ಟೆ, ಎಂಟು ಮಾಗಿದ್ದವು. ಮೊದಲ ಸಲ ಏಳು, ಈ ಸಲ ಎಂಟು. ಅದೇ ದೇಹ, ಬೇರೆ ದಾರಿ, ಹತ್ತಿರ ಹತ್ತಿರ ಅದೇ ಫಲ. ನನ್ನ ಒಬ್ಬಳದ್ದು ಲೆಕ್ಕ ಅಲ್ಲ ಅನ್ನುವುದು ಗೊತ್ತು. ಆದರೆ ಡಾಕ್ಟರಮ್ಮನೂ ಇದನ್ನೇ ಹೇಳಿದ್ದರು, ಎಷ್ಟು ಮೊಟ್ಟೆ ಅನ್ನುವುದನ್ನು ಬಹುಪಾಲು ಅಂಡಾಶಯವೇ ತೀರ್ಮಾನಿಸುತ್ತದೆ, ಪ್ರೋಟೋಕಾಲಿನ ಹೆಸರಲ್ಲ.

ಇನ್ನು ಟ್ರಿಗರ್. ನನ್ನ ಪ್ರಕಾರ ಪ್ರೋಟೋಕಾಲ್‌ಗಿಂತ ಇದನ್ನೇ ಮೊದಲು ಕೇಳಬೇಕು. ಯಾಕೆಂದರೆ ಪ್ರಾಣಕ್ಕೆ ಸಂಬಂಧಪಟ್ಟಿದ್ದು ಇದು. ಹಳೆಯದು ಎಚ್‌ಸಿಜಿ ಇಂಜೆಕ್ಷನ್. ಅದು ಎಲ್‌ಎಚ್ ಥರವೇ ಕೆಲಸ ಮಾಡುತ್ತದೆ, ಆದರೆ ಮೈಯಲ್ಲಿ ಎಷ್ಟೋ ದಿನ ಉಳಿಯುತ್ತದೆ. ಇಪ್ಪತ್ತು ಮೂವತ್ತು ಫಾಲಿಕಲ್ ಬೆಳೆದವರಿಗೆ ಇದರಿಂದ ಅಂಡಾಶಯ ಊದಿಕೊಂಡು, ರಕ್ತನಾಳದಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿ, ಉಸಿರಾಡಲು ಕಷ್ಟ ಆಗಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಒಎಚ್‌ಎಸ್‌ಎಸ್ ಅನ್ನುತ್ತಾರೆ. ಇನ್ನೊಂದು ಟ್ರಿಗರ್ ಅಗೊನಿಸ್ಟ್, ಅಂದರೆ ಲ್ಯೂಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್. ವಾರಗಟ್ಟಲೆ ದಿನಾ ಕೊಟ್ಟರೆ ಎಲ್‌ಎಚ್ ಬಂದ್ ಮಾಡುವ ಔಷಧಿಯೇ ಇದು, ಆದರೆ ಒಂದೇ ಸಲ ಕೊಟ್ಟರೆ ನಮ್ಮ ದೇಹದ ಸ್ವಂತ ಎಲ್‌ಎಚ್ ಅನ್ನೇ ಒಮ್ಮೆ ಬಿಡಿಸುತ್ತದೆ, ಅದರ ಕೆಲಸ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಆ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ. ಇದರಿಂದಲೂ ಗರ್ಭಕೋಶದ ಪದರಕ್ಕೆ ಪೆಟ್ಟು, ಆದರೆ ನಮಗೆ ಅದು ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಆಂಟಾಗೊನಿಸ್ಟ್ ಆಗಲಿ ಮಾತ್ರೆ ಆಗಲಿ ತೆಗೆದುಕೊಂಡವರಿಗೆ ಈ ಟ್ರಿಗರ್ ಕೊಡಬಹುದು. ಲಾಂಗ್ ಪ್ರೋಟೋಕಾಲ್‌ನಲ್ಲಿ ಆಗುವುದಿಲ್ಲ, ಅಲ್ಲಿ ಎಲ್‌ಎಚ್ ಆಗಲೇ ಬಂದ್ ಆಗಿರುತ್ತದೆ. ಬರೀ ಫ್ರೀಜಿಂಗ್‌ಗೆ ಯಾರಾದರೂ ಲಾಂಗ್ ಪ್ರೋಟೋಕಾಲ್ ಅಂದರೆ ಯಾಕೆ ಅಂತ ಕೇಳಿ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ಟ್ರಿಗರ್ ಟೈಮ್ ಮಾತ್ರ ನಿಮಿಷಕ್ಕೆ ಸರಿಯಾಗಿರಬೇಕು. ರಾತ್ರಿ ಹತ್ತು ಅಂದರೆ ಹತ್ತೇ.

ಕಮ್ಮಿ ಡೋಸ್‌ನ ವಿಧಾನವೂ ಇದೆ. ಲೆಟ್ರೊಜೋಲ್ ಅಥವಾ ಕ್ಲೋಮಿಫೀನ್ ಮಾತ್ರೆ, ಜೊತೆಗೆ ಸ್ವಲ್ಪ ಇಂಜೆಕ್ಷನ್. ಖರ್ಚು ಕಮ್ಮಿ, ಮೈಗೆ ಹಗುರ, ಆದರೆ ಮೊಟ್ಟೆಯೂ ಕಮ್ಮಿ. ಸಲಕ್ಕೆ ನಾಲ್ಕೇ ಮೊಟ್ಟೆ ಸಿಕ್ಕು, ಮೊಟ್ಟೆ ತೆಗೆಸಲು ಮೂರು ಸಲ ಅರಿವಳಿಕೆ ತೆಗೆದುಕೊಳ್ಳುವುದಾದರೆ ಉಳಿತಾಯ ಎಲ್ಲಿ ಬಂತು? ಫಾಲಿಕಲ್ ತುಂಬಾ ಕಮ್ಮಿ ಇರುವವರಿಗೆ ಲೆಕ್ಕ ಬೇರೆ. ಅವರಿಗೆ 450 ಯೂನಿಟ್ ಕೊಟ್ಟರೂ ಇಲ್ಲದ ಮೊಳಕೆ ಬರುವುದಿಲ್ಲ, 300ರ ಮೇಲೆ ಏರಿಸಿ ಪ್ರಯೋಜನ ಇಲ್ಲ ಅನ್ನುವುದು ಈಗಿನ ಸಾಮಾನ್ಯ ಅಭಿಪ್ರಾಯ. ಅಂಥವರಿಗೆ ಒಂದೇ ತಿಂಗಳಲ್ಲಿ ಎರಡು ಸಲ ಮಾಡುವ ಡ್ಯುಯೊಸ್ಟಿಮ್ ಅಂತಲೂ ಇದೆ. ಹಾಗೆಯೇ ಲ್ಯಾಬ್‌ನಲ್ಲಿ ತಯಾರಾದ ಎಫ್‌ಎಸ್‌ಎಚ್ ಒಳ್ಳೇದೋ, ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆಯುವ ಎಚ್‌ಎಂಜಿ ಒಳ್ಳೇದೋ ಅಂತ ತಂಗಿ ಕೇಳಿದಳು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ ಅಂದೆ.

ಎಷ್ಟು ಮೊಟ್ಟೆ ಸಾಕು? 2017ರಲ್ಲಿ ಅಮೆರಿಕದ ಸಂಶೋಧಕರು ಒಂದು ಅಂದಾಜು ಲೆಕ್ಕ ಕೊಟ್ಟರು. ಮಾಗಿದ ಮೊಟ್ಟೆ ಇಪ್ಪತ್ತು ಇಟ್ಟಿದ್ದರೆ ಒಂದಾದರೂ ಮಗು ಆಗುವ ಸಾಧ್ಯತೆ 34ನೇ ವಯಸ್ಸಿನಲ್ಲಿ ಇಟ್ಟಿದ್ದಕ್ಕೆ ನೂರಕ್ಕೆ 90, 37ಕ್ಕೆ 75, 42ಕ್ಕೆ 37. ಮೊಟ್ಟೆ ಅಷ್ಟೇ, ವಯಸ್ಸು ಬೇರೆ. ಎಲ್ಲಾ ಪ್ರೋಟೋಕಾಲ್ ಪಕ್ಕಕ್ಕಿಟ್ಟು ಈ ಮೂರು ಸಂಖ್ಯೆ ನೋಡಬೇಕು. ನನ್ನದು ಒಟ್ಟು ಹದಿನೈದು. ಗ್ಯಾರಂಟಿ ಅಲ್ಲ, ಅದು ಗೊತ್ತಿದ್ದೇ ಇಟ್ಟಿದ್ದೇನೆ. ಮೂರನೇ ಸಲ ಮಾಡಿಸುವುದಿಲ್ಲ.

ಮದುವೆ ಆಗದವರಿಗೆ ಕಾನೂನು ಬಿಡುತ್ತಾ ಅಂತ ಚಿಕ್ಕಮ್ಮ ಹಿಂದಿನಿಂದ ಕೂಗಿ ಕೇಳಿದರು. ಬಿಡುತ್ತದೆ. 2021ರ ಎಆರ್‌ಟಿ ಕಾಯ್ದೆ, ಅಂದರೆ ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು, ಅದರ ಪ್ರಕಾರ 21 ದಾಟಿದ, 50ರ ಒಳಗಿನ ಹೆಣ್ಣುಮಗಳು ಇಂಥ ಚಿಕಿತ್ಸೆ ಪಡೆಯಬಹುದು. ಹತ್ತು ವರ್ಷದ ತನಕ ಇಡಬಹುದು. ಆಸ್ಪತ್ರೆ ಆ ಕಾಯ್ದೆಯಡಿ ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ತಂಗಿ ಬುಧವಾರ ದಾವಣಗೆರೆಗೆ ಬಂದು ತೋರಿಸಿದಳು. ಅವಳಿಗೆ ಪಿಸಿಒಎಸ್ ಇದೆ, ಅಂದರೆ ಅಂಡಾಶಯದಲ್ಲಿ ಸಣ್ಣ ಫಾಲಿಕಲ್ ತುಂಬಾ ಇರುವ ಹಾರ್ಮೋನಿನ ತೊಂದರೆ. ಎಎಂಎಚ್ 7ರ ಮೇಲೆ, ಎರಡೂ ಕಡೆ ಸೇರಿ ಇಪ್ಪತ್ತೆಂಟು ಫಾಲಿಕಲ್. ನನಗೆ ಕೊಟ್ಟ 225 ಯೂನಿಟ್ ಅವಳಿಗೆ ಕೊಟ್ಟಿದ್ದರೆ, ಮೇಲೆ ಎಚ್‌ಸಿಜಿ ಕೊಟ್ಟಿದ್ದರೆ, ಏನಾಗಬಹುದಿತ್ತು ಅಂತ ಡಾಕ್ಟರಮ್ಮ ಅವಳಿಗೆ ಅದೇ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಅವಳಿಗೆ 150 ಯೂನಿಟ್, ಪ್ರೊಜೆಸ್ಟಿನ್ ಮಾತ್ರೆ, ಅಗೊನಿಸ್ಟ್ ಟ್ರಿಗರ್. ಹೊರಗೆ ಬಂದ ಮೇಲೆ "ಅಕ್ಕಾ, ಅವತ್ತು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ" ಅಂದಳು. ಬೆಣ್ಣೆ ದೋಸೆ ತಿಂದು ಅವಳನ್ನು ಚಿತ್ರದುರ್ಗದ ಬಸ್ಸು ಹತ್ತಿಸಿ ಬಂದೆ. ಸೋಮವಾರದಿಂದ ಹತ್ತು ಹನ್ನೆರಡು ದಿನ ನಮ್ಮ ಮನೆಯಲ್ಲೇ ಇರುತ್ತಾಳೆ. ಅವ್ವ ಆಗಲೇ ಫ್ರಿಜ್ಜಿನ ಮಧ್ಯದ ಕಪಾಟು ಖಾಲಿ ಮಾಡಿ ಒರೆಸಿಟ್ಟಿದ್ದಾಳೆ.